56 ಎ.ಪಿ.ಓ. ವಿಳಾಸದ ಕಾಗದಗಳು

ಅಡ್ಯಾರಿನ ಗಾಂಧಿನಗರದಲ್ಲಿ ನಾವಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ವಾಸವಾಗಿದ್ದ ಸುಬೇದಾರರು ಕಳೆದ ಮಾರ್ಗಶಿರದಲ್ಲಿ ತೀರಿಕೊಂಡರು. ನಮ್ಮ ಕೂಟದ ತಿಂಗಳ ಸಭೆಗಳಿಗೆ ಬರುತ್ತಿದ್ದವರೆಲ್ಲ ಅವರನ್ನು ಕಂಡಿರುತ್ತೀರಿ. ಬಾಗಿಲ ಬಳಿಯ ಮರದ ಕುರ್ಚಿಯಲ್ಲಿ ಬೆನ್ನು ತಾಗಿಸದೆ ಕುಳಿತು, ಚರ್ಚೆ ಮುಗಿಯುವ ತನಕ ಒಂದು ಮಾತನ್ನೂ ಆಡದೆ, ಕೊನೆಗೆ ಕಾಫಿ ಲೋಟಗಳನ್ನು ತಾವೇ ಒಟ್ಟುಗೂಡಿಸಿ ಅಡುಗೆಮನೆಯಲ್ಲಿ ಇಟ್ಟು ಹೋಗುತ್ತಿದ್ದ ಹಿರಿಯರು ಅವರೇ.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಪತ್ರಿಕೆಯವರೊಬ್ಬರು ಮಾಜಿ ಸೈನಿಕರ ಕುರಿತು ಬರೆಯಬೇಕೆಂದು ಹುಡುಕಿಕೊಂಡು ಬಂದಾಗ, ‘ನನ್ನ ಹೆಸರು ಪಿಂಚಣಿ ಪುಸ್ತಕದಲ್ಲಿದೆ, ಅಷ್ಟು ಸಾಕು’ ಎಂದು ಬಾಗಿಲಿನಿಂದಲೇ ಕಳುಹಿಸಿಬಿಟ್ಟಿದ್ದರು. ತೀರಿಕೊಂಡವರ ಇಚ್ಛೆಯನ್ನು ಮೀರುವ ಅಧಿಕಾರ ನಮಗಿಲ್ಲ. ಆದರೆ ಅವರು ಸಭೆಯಲ್ಲಿ ಒಂದೇ ಒಂದು ಸಲ ಬಾಯಿ ತೆರೆದು ನಮ್ಮನ್ನು ತಿದ್ದಿದ್ದರು. ಆ ತಿದ್ದುಪಡಿ ಎಲ್ಲಿಯೂ ದಾಖಲಾಗಲಿಲ್ಲವೆಂಬ ಕೊರಗು ಉಳಿದಿದೆ. ಅದಕ್ಕಾಗಿ ಈ ಬರಹ.

ಆರೇಳು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳ ಸಭೆ ಭೂಸೇನಾ ದಿನದ ಆಸುಪಾಸಿನಲ್ಲಿ ಬಿದ್ದಿತ್ತು. 1949ರ ಜನವರಿ 15ರಂದು ಜನರಲ್ ಸರ್ ರಾಯ್ ಬುಚರ್ ಅವರಿಂದ ಭಾರತೀಯ ಸೇನೆಯ ದಂಡನಾಯಕತ್ವವನ್ನು ವಹಿಸಿಕೊಂಡವರು ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಆ ಹುದ್ದೆಗೇರಿದ ಮೊದಲ ಭಾರತೀಯ. ಅದೇ ಕಾರಣಕ್ಕೆ ಆ ದಿನ ಭೂಸೇನಾ ದಿನವಾಯಿತು. ನಮ್ಮವರೊಬ್ಬರ ಹೆಸರಿನಲ್ಲಿ ಇಡೀ ದೇಶ ಒಂದು ದಿನವನ್ನು ಆಚರಿಸುವಾಗ ಚೆನ್ನೈಯ ಕನ್ನಡಿಗರಾದ ನಾವು ಸುಮ್ಮನಿರುವುದು ಹೇಗೆ ಎಂದು ಅಂದಿನ ಉಪನ್ಯಾಸದ ಹೊಣೆಯನ್ನು ನಾವೇ ಹೊತ್ತುಕೊಂಡೆವು.

ಉಪನ್ಯಾಸಕ್ಕೆ ಒಂದು ಸ್ಥಳೀಯ ಎಳೆಯೂ ಸಿಕ್ಕಿತ್ತು. ಶನಿವಾರಸಂತೆಯಲ್ಲಿ ಹುಟ್ಟಿ ಮಡಿಕೇರಿಯಲ್ಲಿ ಶಾಲೆ ಮುಗಿಸಿದ ಕಾರ್ಯಪ್ಪನವರು 1917ರಲ್ಲಿ ಓದಲು ಬಂದದ್ದು ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿಗೆ. ಅಡ್ಯಾರಿನಿಂದ ಸ್ಯಾಂಥೋಮ್ ದಾಟಿ ಕಡಲ ದಂಡೆಯುದ್ದಕ್ಕೂ ಹೋದರೆ ಎಡಗಡೆಗೆ ಸಿಗುವ ಆ ಕೆಂಪು ಕಟ್ಟಡವನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ನೂರಾರು ಸಲ ನೋಡಿದ್ದೇವೆ. 1917 ಅಡ್ಯಾರಿಗೂ ಮರೆಯಲಾಗದ ವರ್ಷ. ಥಿಯಾಸಾಫಿಕಲ್ ಸೊಸೈಟಿಯ ಆನಿ ಬೆಸೆಂಟರನ್ನು ಹೋಂ ರೂಲ್ ಚಳವಳಿಗಾಗಿ ಸರಕಾರ ಜೂನ್ ತಿಂಗಳಲ್ಲಿ ಬಂಧನದಲ್ಲಿಟ್ಟಿತು, ಸೆಪ್ಟೆಂಬರಿನಲ್ಲಿ ಬಿಟ್ಟಿತು, ವರ್ಷದ ಕೊನೆಯಲ್ಲಿ ಆಕೆ ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು. ಅದೇ ವರ್ಷ ಆಗಸ್ಟ್ 20ರ ಮಾಂಟೆಗು ಘೋಷಣೆಯ ಬೆನ್ನಿಗೇ ಭಾರತೀಯರಿಗೆ ಸೇನೆಯಲ್ಲಿ ರಾಜನ ಕಮಿಷನ್ ದೊರೆಯುವ ಬಾಗಿಲು ತೆರೆಯಿತು. ಕಾರ್ಯಪ್ಪನವರು ಆ ಬಾಗಿಲನ್ನು ಹೊಕ್ಕರು. ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ, ದಳವೊಂದರ ಮುಖ್ಯಸ್ಥನಾದ ಮೊದಲ ಭಾರತೀಯ, ಹೀಗೆ ಅವರ ಬದುಕಿನಲ್ಲಿ ‘ಮೊದಲ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಓದುವವರಿಗೆ ಒಂದು ಹಂತದಲ್ಲಿ ಬೇಸರವಾಗುವಷ್ಟು. ಅವೆಲ್ಲ ಪಠ್ಯಪುಸ್ತಕಗಳಲ್ಲಿವೆ. ಇಲ್ಲಿ ಅವನ್ನು ಬೆಳೆಸುವುದಿಲ್ಲ.

ಉಪನ್ಯಾಸದ ಶಿಖರವೆಂದು ನಾವು ಇರಿಸಿಕೊಂಡಿದ್ದುದು 1965ರ ಪ್ರಸಂಗವನ್ನು. ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಆಗ ವಾಯುಸೇನೆಯಲ್ಲಿ ಹಂಟರ್ ವಿಮಾನದ ಚಾಲಕ. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನವೂ ಉಳಿದಿಲ್ಲದಿರುವಾಗ, ಅವರ ವಿಮಾನಕ್ಕೆ ಗುಂಡು ತಗುಲಿತು. ಹೊರಹಾರಿ ಕೆಳಗಿಳಿದು, ಪೆಟ್ಟಾದ ಬೆನ್ನಿನೊಂದಿಗೆ ಪಾಕಿಸ್ತಾನದ ಸೆರೆಯಾದರು. ವಯಸ್ಸು 27. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಒಡೆಯುವ ಮುನ್ನ ವಾಯವ್ಯ ಗಡಿಯ ಬನ್ನು ಬ್ರಿಗೇಡಿನಲ್ಲಿ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದವರು. ಸೆರೆಸಿಕ್ಕವನು ಯಾರ ಮಗನೆಂದು ತಿಳಿದೊಡನೆ ಅವರು ತಮ್ಮ ಹೈಕಮಿಷನರ ಮೂಲಕ ಹಳೆಯ ಮೇಲಧಿಕಾರಿಗೆ ಸಂದೇಶ ಕಳುಹಿಸಿದರು: ಮಗ ಕ್ಷೇಮ, ಬೇಕಿದ್ದರೆ ಬಿಟ್ಟುಕಳುಹಿಸುತ್ತೇವೆ. ನಿವೃತ್ತರಾಗಿ ಹನ್ನೆರಡು ವರ್ಷ ಕಳೆದಿದ್ದ ಕಾರ್ಯಪ್ಪನವರು ಆ ಕೃಪೆಯನ್ನು ಒಪ್ಪಲಿಲ್ಲ. ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷ ಉಪಚಾರ ಬೇಡ ಎಂಬ ಅರ್ಥದ ಉತ್ತರ ಕೊಟ್ಟರು.

‘ಮಗನಿಗಿಂತ ದೇಶ ದೊಡ್ಡದೆಂದು ಬಗೆದ ತಂದೆ’ ಎಂಬ ವಾಕ್ಯದೊಂದಿಗೆ ನಾವು ಉಪನ್ಯಾಸ ಮುಗಿಸಿದೆವು. ಚಪ್ಪಾಳೆಯಾಯಿತು. ಚಪ್ಪಾಳೆ ನಿಂತ ಮೇಲೆ ಬಾಗಿಲ ಬಳಿಯ ಕುರ್ಚಿಯಿಂದ ಮಾತು ಬಂತು.

‘ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದಿರಿ.’

ನಾವು ತಿರುಗಿ ನೋಡಿದೆವು. ಸುಬೇದಾರರು ಎದ್ದು ನಿಂತಿದ್ದರು. ‘ಹುಡುಗ ವಾಪಸು ಬಂದದ್ದು ಯಾವಾಗ?’ ಎಂದು ಕೇಳಿದರು. ತಾಷ್ಕೆಂಟ್ ಒಪ್ಪಂದವಾದ ಮೇಲೆ, 1966ರ ಜನವರಿಯಲ್ಲಿ, ಎಂದೆವು. ‘ಹಾಗಾದರೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ಆ ಮನುಷ್ಯ ಮನೆಯಲ್ಲಿ ಕೂತಿದ್ದರಲ್ಲ, ಅದನ್ನು ಹೇಳಲೇ ಇಲ್ಲ ನೀವು. ಒಂದು ಮಾತು ಆಡಿಬಿಡುವುದು ಒಂದು ನಿಮಿಷದ ಕೆಲಸ. ಎಲ್ಲರೂ ನನ್ನ ಮಕ್ಕಳು ಅಂದರಲ್ಲ, ಅಂದರೆ ಅವತ್ತಿನಿಂದ ಎಲ್ಲರ ಕಾಗದಕ್ಕೂ ಕಾಯಬೇಕು. ಮಗನನ್ನು ಬಿಟ್ಟುಕೊಟ್ಟರು ಅಂತ ನೀವು ಹೇಳಿದಿರಿ. ನನಗೆ ಹಾಗೆ ಕಾಣುವುದಿಲ್ಲ.’ ಇಷ್ಟು ಹೇಳಿ, ಹೆಚ್ಚು ಮಾತಾಡಿಬಿಟ್ಟೆನೆಂಬ ಸಂಕೋಚದಿಂದ, ಲೋಟಗಳನ್ನು ಎತ್ತತೊಡಗಿದರು.

ಆ ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ. ಸಭೆಯಲ್ಲಿ ತಪ್ಪು ತೋರಿಸಿಕೊಂಡ ಅಭಿಮಾನಭಂಗವೂ ಅದರಲ್ಲಿ ಸೇರಿತ್ತೆಂದು ಒಪ್ಪಿಕೊಳ್ಳಬೇಕು. ಮರುದಿನದಿಂದ ಕಾರ್ಯಪ್ಪನವರ ಬದುಕಿನ ಇನ್ನೊಂದು ಮಗ್ಗುಲನ್ನು, ನಮ್ಮ ಉಪನ್ಯಾಸದಲ್ಲಿ ಜಾಗವೇ ಸಿಗದಿದ್ದ ಮನೆಯ ಮಗ್ಗುಲನ್ನು, ನೋಡತೊಡಗಿದೆವು.

ಅದು ಸುಖದ ಚಿತ್ರವಲ್ಲ. 1937ರಲ್ಲಿ ಮದುವೆ. ಮರುವರ್ಷ ಮಗ, 1943ರಲ್ಲಿ ಮಗಳು ನಳಿನಿ. ನಡುವೆ ಮಹಾಯುದ್ಧ, ಇರಾಕ್, ಸಿರಿಯಾ, ಇರಾನ್, ಆಮೇಲೆ ಬರ್ಮಾ. 1945ರಲ್ಲಿ ದಂಪತಿಗಳು ಬೇರೆಯಾದರು. ವಿಚ್ಛೇದನವೇನೂ ಆಗಲಿಲ್ಲ. ಮೂರು ವರ್ಷಗಳ ಬಳಿಕ ಪತ್ನಿ ಅಪಘಾತವೊಂದರಲ್ಲಿ ತೀರಿಕೊಂಡರು. ಕಾರ್ಯಪ್ಪನವರು ಮತ್ತೆ ಮದುವೆಯಾಗಲಿಲ್ಲ. ದೇಶದ ದಂಡನಾಯಕನಾಗಿ ದೆಹಲಿಯಲ್ಲಿ ಅಧಿಕಾರ ಸ್ವೀಕರಿಸಿದ ಆ ಪ್ರಸಿದ್ಧ ಜನವರಿಯಲ್ಲಿ ಅವರ ಮನೆಯಲ್ಲಿದ್ದದ್ದು ಹನ್ನೊಂದು ವರ್ಷದ ಮಗ ಮತ್ತು ಆರು ವರ್ಷ ತುಂಬುತ್ತಿದ್ದ ಮಗಳು. ತಾಯಿಯಿಲ್ಲದ ಮಕ್ಕಳು. ಭೂಸೇನಾ ದಿನದ ಭಾಷಣಗಳಲ್ಲಿ ಈ ವಿವರವನ್ನು ನಾವು ಎಂದೂ ಕೇಳಿರಲಿಲ್ಲ. ಗಂಡನಾಗಿ ಅವರು ಸೋತರೋ, ಸೈನ್ಯದ ಚಾಕರಿಯೇ ಅವರನ್ನು ಸೋಲಿಸಿತೋ ಎಂದು ತೀರ್ಪು ಕೊಡುವುದು ಹೊರಗಿನವರಿಗೆ ಸಲ್ಲದು. ಆದರೆ ತಂದೆಯಾಗಿ ಅವರು ಒಂಟಿಯಾಗಿ ನಿಂತವರೆಂಬುದು ತಾರೀಖುಗಳಿಂದಲೇ ತಿಳಿಯುತ್ತದೆ.

ಕಠಿಣ ತಂದೆಯೂ ಹೌದು. ದೆಹಲಿಯಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳ ಒಂದು ಪ್ರಸಂಗವನ್ನು ಮಗ ಹೇಳಿಕೊಂಡಿದ್ದಾರೆ. ಎಂದಿನ ವಾಹನ ಬಾರದ ಒಂದು ದಿನ ಎಡಿಸಿ ಮಕ್ಕಳನ್ನು ಸರಕಾರಿ ಕಾರಿನಲ್ಲಿ ಮನೆಗೆ ಕರೆತಂದರಂತೆ. ಸಂಗತಿ ತಿಳಿದ ತಂದೆ ಕೆಂಡವಾಗಿ, ಆ ಪ್ರಯಾಣದ ವೆಚ್ಚವನ್ನು ತಮ್ಮ ಸ್ವಂತ ಲೆಕ್ಕದಿಂದ ಕಟ್ಟಿಸಿದರಂತೆ. ಕೇಂದ್ರ ಸರಕಾರದ ಕಚೇರಿಯಲ್ಲಿ ದಿನವೂ ವಾಹನಗಳ ಲಾಗ್ ಪುಸ್ತಕ ನೋಡುವ ನಮಗೆ ಈ ಕಥೆ ನಂಬಲಾಗದ ಪುರಾಣದಂತೆ ತೋರುತ್ತದೆ, ಬಿಡಿ. ಆದರೆ ಸರಕಾರಿ ಕಾರಿನಲ್ಲಿ ಮಗನನ್ನು ಕೂರಿಸದ ತಂದೆಯೇ ಅಯೂಬರ ವಿಶೇಷ ಕೃಪೆಯ ಮೇಲೂ ಕೂರಿಸಲಿಲ್ಲ. 1965ರ ಉತ್ತರ ಯುದ್ಧದ ಆವೇಶದಲ್ಲಿ ಹುಟ್ಟಿದ ಮಾತಲ್ಲ. ಆ ಮನೆಯ ಊಟದ ಮೇಜಿನ ಮೇಲೆ ಬಹಳ ಹಿಂದೆಯೇ ಆಡಿದ್ದ ಮಾತು. ಮಗನಿಗೆ ಅದು ಹೊಸದಾಗಿ ಕೇಳಿಸಿರಲಾರದು.

ಇತ್ತ ಅಯೂಬರೂ ಶತ್ರುವಿನಂತೆ ನಡೆದುಕೊಳ್ಳಲಿಲ್ಲ. ಅವರ ಬೇಗಮರೂ ಹಿರಿಯ ಮಗನೂ ಸೆರೆಯಲ್ಲಿದ್ದ ಯುವಕನನ್ನು ನೋಡಲು ಬಂದು ಸಿಗರೇಟಿನ ಪೊಟ್ಟಣಗಳನ್ನೂ ವೋಡ್‌ಹೌಸನ ಒಂದು ಕಾದಂಬರಿಯನ್ನೂ ಕೊಟ್ಟು ಹೋದರು. ನಂದಾ ಕಾರ್ಯಪ್ಪ ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ತಂದೆಯ ಜೀವನಚರಿತ್ರೆಯನ್ನು ಬರೆದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದ ತಂದೆ 1993ರ ಮೇ 15ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಮಡಿಕೇರಿಯ ಅವರ ಮನೆಯ ಹೆಸರು ‘ರೋಶನಾರಾ’.

ಇಷ್ಟನ್ನು ಓದಿಕೊಂಡು ಒಂದು ಸಂಜೆ ಕೆಳಗೆ ಹೋಗಿ ಸುಬೇದಾರರಿಗೆ ಒಪ್ಪಿಸಿದೆವು. ಮೆಚ್ಚಿಕೊಂಡಾರೆಂಬ ಆಸೆಯಿತ್ತು. ಅವರು ಕೇಳಿಸಿಕೊಂಡು, ‘ಸೆರೆಯಾಳು ತಿಂಗಳಿಗೆ ಎರಡು ಕಾಗದ, ನಾಲ್ಕು ಕಾರ್ಡು ಬರೆಯಬಹುದು, ಗೊತ್ತೆ?’ ಎಂದರು. ಜಿನೀವಾ ಒಪ್ಪಂದದ ನಿಯಮ. ಆಮೇಲೆ ನೋಡಿದೆವು, ಹೌದು, ಕನಿಷ್ಠ ಅಷ್ಟಕ್ಕೆ ಅವಕಾಶ ಕೊಡಬೇಕೆಂದೇ 1949ರ ಒಪ್ಪಂದದಲ್ಲಿದೆ. ಸೆರೆಸಿಕ್ಕ ಕೂಡಲೇ, ಅಥವಾ ಶಿಬಿರ ತಲುಪಿದ ಒಂದು ವಾರದೊಳಗೆ, ಮನೆಗೊಂದು ಕಾರ್ಡು ಬರೆಯಲು ಬಿಡಬೇಕೆಂದೂ ಇದೆ. ‘ಸೆರೆಯಾಳಿನ ಮನೆಯವರಿಗೆ ಅದೊಂದು ಲೆಕ್ಕ ಸಿಗುತ್ತದೆ. ಸೆರೆಸಿಗದೆ ಲೈನಿನಲ್ಲಿ ಇದ್ದವನ ಮನೆಯವರಿಗೆ ಆ ಲೆಕ್ಕವೂ ಇಲ್ಲ’ ಎಂದು ಸೇರಿಸಿದರು. ಇದನ್ನು ಹೇಳುವಾಗ ಅವರ ದೃಷ್ಟಿ ನಮ್ಮ ಮೇಲಿರಲಿಲ್ಲ. ಒಳಕೋಣೆಯ ಮಂಚದ ಮೇಲೆ ಕುಳಿತಿದ್ದ ಪತ್ನಿಯ ಮೇಲಿತ್ತು.

ಇಲ್ಲಿಂದ ಅವರ ಮನೆಯ ಸಂಗತಿ.

ಅವರು ಹಾಸನ ಜಿಲ್ಲೆಯ ಹಳ್ಳಿಯೊಂದರವರು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಸೇರಿಕೊಂಡರು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ಹೂಳುವುದು, ಹೂತದ್ದನ್ನು ತೆಗೆಯುವುದು ಆ ಪಡೆಯ ಕಸಬು. ಅದರ ಮೂಲ 1780ಕ್ಕೆ ಹೋಗುತ್ತದೆ. ಸೇನೆಯಲ್ಲಿ ಅವರನ್ನು ‘ತಂಬಿ’ ಎಂದು ಕರೆಯುವುದು ವಾಡಿಕೆ. ಕನ್ನಡದ ಹುಡುಗ ಬೆಂಗಳೂರಿನಲ್ಲಿ ತಂಬಿಯಾಗಿ, ನಿವೃತ್ತಿಯ ಬಳಿಕ ನಿಜವಾದ ತಂಬಿಗಳ ಊರಿಗೇ ಬಂದು ನೆಲೆಸಿದ್ದನ್ನು ನೆನೆದು ಅವರು ಆಗಾಗ ನಗುತ್ತಿದ್ದರು. ಮದುವೆಯಾದದ್ದು 1970ರಲ್ಲಿ. ಒಂದೂವರೆ ವರ್ಷದಲ್ಲಿ ಬಾಂಗ್ಲಾ ಯುದ್ಧ. ಅವರ ತುಕಡಿ ಪಶ್ಚಿಮದ ಶಕರ್‌ಗಢದ ಕಡೆಗೆ ಹೋಯಿತು. ಟ್ಯಾಂಕುಗಳು ಮುಂದೆ ಹೋಗಬೇಕಾದರೆ ನೆಲಬಾಂಬಿನ ಹೊಲದಲ್ಲಿ ದಾರಿ ಬಿಡಿಸಬೇಕು. ಆ ಕೆಲಸ ರಾತ್ರಿಯಲ್ಲಿ, ಎದೆಯ ಮೇಲೆ ತೆವಳುತ್ತ, ಕೋಲಿನಿಂದ ಮಣ್ಣನ್ನು ಓರೆಯಾಗಿ ಚುಚ್ಚುತ್ತ ಆಗಬೇಕು. ಡಿಸೆಂಬರ್ 17ಕ್ಕೆ ಯುದ್ಧ ನಿಂತರೂ ಸ್ಯಾಪರ್‌ಗಳಿಗೆ ನಿಲ್ಲುವುದಿಲ್ಲ. ನೆಲದೊಳಗಿರುವ ಬಾಂಬಿಗೆ ಕದನವಿರಾಮ ತಿಳಿಯುವುದಿಲ್ಲವಲ್ಲ. ಇದಕ್ಕಿಂತ ಹೆಚ್ಚಾಗಿ ಆ ಯುದ್ಧದ ಬಗ್ಗೆ ಅವರು ನಮ್ಮೊಡನೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಊರಿನಲ್ಲಿದ್ದ ಪತ್ನಿಗೆ ನಲವತ್ತು ದಿನಗಳಿಗೂ ಮೇಲೆ ಕಾಗದ ಬರಲಿಲ್ಲ. ಅಂಚೆಯವನು ಆ ಹಳ್ಳಿಗೆ ವಾರಕ್ಕೆ ಎರಡು ಸಲ ಬರುತ್ತಿದ್ದನಂತೆ. ಆಕೆ ಊರ ಮುಂದಿನ ಹುಣಸೆಮರದ ತನಕ ಹೋಗಿ ನಿಲ್ಲುತ್ತಿದ್ದರಂತೆ. ಆ ನಲವತ್ತು ದಿನಗಳ ಬಗ್ಗೆ ಆಕೆ ಗಂಡನಿಗೆ ಒಂದು ಸಲವೂ ಹೇಳಿಕೊಂಡಿರಲಿಲ್ಲ. ಬಂದರು, ಬದುಕಿದರು, ಮಗಳು ಹುಟ್ಟಿದಳು, ಒಂದು ಕಂಟೋನ್ಮೆಂಟಿನಿಂದ ಇನ್ನೊಂದಕ್ಕೆ ಟ್ರಂಕುಗಳು ಸಾಗಿದವು. ಐವತ್ತು ವರ್ಷ ಹತ್ತಿರವಾದ ಮೇಲೆ ಮರೆವಿನ ರೋಗ ಆ ಮಾತನ್ನು ಹೊರಗೆಡಹಿತು.

ರೋಗ ಶುರುವಾಗಿದೆಯೆಂದು ಖಚಿತವಾದದ್ದು 2015ರ ಡಿಸೆಂಬರ್ 1ರ ರಾತ್ರಿ. ಚೆನ್ನೈಯವರಿಗೆ ಆ ರಾತ್ರಿಯನ್ನು ವಿವರಿಸಬೇಕಿಲ್ಲ. ಬೇರೆಡೆಯ ಓದುಗರಿಗಾಗಿ: ಮಳೆ ನಿಲ್ಲಲಿಲ್ಲ, ಚೆಂಬರಂಬಾಕ್ಕಂ ಕೆರೆಯ ನೀರನ್ನು ಬಿಟ್ಟರು, ಅಡ್ಯಾರ್ ನದಿ ದಡ ಮೀರಿತು, ವಿದ್ಯುತ್ತೂ ಫೋನೂ ಹೋದವು. ನಮ್ಮ ಬೀದಿಯಲ್ಲಿ ನೀರು ಏರತೊಡಗಿದಾಗ ಸುಬೇದಾರರು ಪತ್ನಿಯನ್ನು ಎತ್ತಿಕೊಂಡು ಮೇಲೆ ನಮ್ಮ ಮನೆಗೆ ತಂದು ಕೂರಿಸಿದರು. ಆಮೇಲೆ ಟಾರ್ಚು ಹಿಡಿದು, ಸೀಮೆಸುಣ್ಣ ತೆಗೆದುಕೊಂಡು, ಅರ್ಧ ಗಂಟೆಗೊಮ್ಮೆ ಇಳಿದು ಹೋಗಿ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದು ವೇಳೆ ಬರೆಯುತ್ತಿದ್ದರು. 23:30, 00:00, 00:30. ಎರಡು ಗಂಟೆಯ ಹೊತ್ತಿಗೆ, ಗೆರೆಗಳ ನಡುವಿನ ಅಂತರ ಕಿರಿದಾಗುತ್ತಿದೆ, ನೀರು ಮೇಲಿನ ಮಹಡಿಗೆ ಬರುವುದಿಲ್ಲ, ಮಕ್ಕಳನ್ನು ಮಲಗಿಸಿ ಎಂದರು. ಹಾಗೆಯೇ ಆಯಿತು. ಮೇಣದ ಬತ್ತಿಯ ಬೆಳಕಿನಲ್ಲಿ ಅವರ ಪತ್ನಿ ಆತನನ್ನೇ ನೋಡುತ್ತಿದ್ದು, ನಮ್ಮ ಕಡೆ ತಿರುಗಿ ಮೆಲ್ಲಗೆ, ‘ಇವರು ಯಾರು? ಪಾಪ, ಬಹಳ ಒದ್ದೆಯಾಗಿದ್ದಾರೆ’ ಎಂದು ಕೇಳಿದರು. ಸುಬೇದಾರರಿಗೆ ಅದು ಕೇಳಿಸಿತು. ಟವೆಲು ತೆಗೆದುಕೊಂಡು ತಲೆ ಒರೆಸಿಕೊಂಡರು. ಮತ್ತೆ ಗೆರೆ ಎಳೆಯಲು ಇಳಿದುಹೋದರು.

ಮುಂದಿನ ಮೂರು ವರ್ಷಗಳಲ್ಲಿ ಆಕೆಯ ಹಿಂದಿ ಹೋಯಿತು, ತಮಿಳು ಹೋಯಿತು. ಉಳಿದದ್ದು ಊರಿನ ಕನ್ನಡ, ಏಳನೆಯ ತರಗತಿಯ ತನಕ ಕಲಿತ ಓದು. ಸುಬೇದಾರರು ಮನೆಯ ಬಾಗಿಲುಗಳಿಗೆಲ್ಲ ದಪ್ಪ ಅಕ್ಷರದಲ್ಲಿ ‘ಬಚ್ಚಲು’, ‘ಅಡುಗೆಮನೆ’, ‘ಹೊರಗೆ’ ಎಂದು ಚೀಟಿ ಅಂಟಿಸಿದರು. ಅಡ್ಯಾರಿನಲ್ಲಿ ಕನ್ನಡದ ನಾಮಫಲಕ ಇರುವುದು ನಮ್ಮ ಮನೆಯಲ್ಲಿ ಮಾತ್ರ ಎಂದು ನಮ್ಮೊಡನೆ ತಮಾಷೆ ಮಾಡಿದರು. ತಮ್ಮ ಸಭೆಗಳಿಗೆ ಅವರು ಬರತೊಡಗಿದ್ದೂ ಆಗಲೇ. ಸಾಹಿತ್ಯದ ಆಸಕ್ತಿಯಿಂದಲ್ಲ, ಪತ್ನಿಯೊಡನೆ ಕನ್ನಡ ಮಾತಾಡಲು ಯಾರಾದರೂ ಕೆಳಗಿಳಿದು ಬಂದಾರೇ ಎಂದು ನೋಡಲು. ಇದು ನಮಗೆ ಬಹಳ ತಡವಾಗಿ ಹೊಳೆಯಿತು.

ಆಮೇಲೆ ಆಕೆ ಪ್ರತಿ ಸಂಜೆ ‘ಕಾಗದ ಬಂತೆ?’ ಎಂದು ಕೇಳತೊಡಗಿದರು. ಯಾರ ಕಾಗದ ಎಂದರೆ, ‘ಅವರದು. ಲಡಾಯಿಗೆ ಹೋಗಿದ್ದಾರಲ್ಲ.’ ನಾನೇ ಬಂದಿದ್ದೇನೆ ಎಂದು ಹೇಳಿದರೆ ಆಕೆ ಹೆದರುತ್ತಿದ್ದರು. ಅಪರಿಚಿತ ಮುದುಕನೊಬ್ಬ ಗಂಡನ ಹೆಸರು ಹೇಳಿಕೊಂಡು ಮನೆಯೊಳಗಿದ್ದರೆ ಯಾವ ಹೆಣ್ಣು ಹೆದರುವುದಿಲ್ಲ? ಊಟ ಬಿಟ್ಟರು. ಅವರು ಕೊಟ್ಟ ಮಾತ್ರೆಯನ್ನು ಉಗುಳಿದರು.

ಸುಬೇದಾರರು ಅಡ್ಯಾರ್ ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಕಾಗದಗಳ ಒಂದು ಕಟ್ಟನ್ನೇ ತಂದರು. ಮಧ್ಯಾಹ್ನ ನಾಲ್ಕೂವರೆಗೆ ಮೇಜಿನ ಮುಂದೆ ಕುಳಿತು ಒಂದು ಕಾಗದ ಬರೆದರು. ಹೊರಗೆ ಹೆಂಡತಿಯ ಹೆಸರು, ಊರು, ತಾಲ್ಲೂಕು. ಹಿಂದೆ, ಕಳುಹಿಸಿದವರ ಜಾಗದಲ್ಲಿ, ತಮ್ಮ ಹಳೆಯ ಸಂಖ್ಯೆ, ತುಕಡಿ, 56 ಎ.ಪಿ.ಓ. ಗಡಿಯಲ್ಲಿರುವ ಸೈನಿಕ ಎಲ್ಲಿಯೇ ಇರಲಿ, ಮನೆಯವರಿಗೆ ಗೊತ್ತಿರುವ ವಿಳಾಸ ಅದೊಂದೇ. ಅದನ್ನು ತಾವೇ ಕೊಟ್ಟರೆ ನಡೆಯುವುದಿಲ್ಲವಲ್ಲ. ಅಂಚೆಯವನು ಹೊರಗಿನಿಂದ ಬರಬೇಕು. ಬೆಸೆಂಟ್ ನಗರದ ಕಚೇರಿಯಿಂದ ನಾವು ಮನೆ ಸೇರುವುದು ಆರೂ ಮುಕ್ಕಾಲಿಗೆ. ಆ ಕೆಲಸ ನಮಗೆ ಬಂತು. ಗೇಟಿನ ಬಳಿ ಅವರು ಕಾಗದವನ್ನು ನಮ್ಮ ಕೈಗಿಟ್ಟು ಹಿತ್ತಿಲಿನಿಂದ ಒಳಗೆ ಹೋಗುತ್ತಿದ್ದರು. ನಾವು ಮುಂಬಾಗಿಲಲ್ಲಿ ನಿಂತು ‘ಪೋಸ್ಟ್’ ಎಂದು ಕೂಗುತ್ತಿದ್ದೆವು. ಮೊದಲ ದಿನ ನಾಚಿಕೆಯಾಯಿತು.

ಆಕೆಗೆ ಓದಲು ಕಷ್ಟವಾದ ದಿನ ನಾವೇ ಓದುತ್ತಿದ್ದೆವು. ಇಲ್ಲಿ ಚಳಿ ಹೆಚ್ಚು. ಊಟಕ್ಕೆ ಕೊರತೆಯಿಲ್ಲ. ಎಲ್ಲಿದ್ದೇನೆಂದು ಬರೆಯುವಂತಿಲ್ಲ, ಆದರೆ ಬಹಳ ದೂರವೇನೂ ಇಲ್ಲ. ಹಸು ಕರು ಹಾಕಿತೆ? ಪ್ರತಿ ಕಾಗದದ ಕೊನೆಯಲ್ಲಿ ಒಂದೇ ಬಗೆಯ ವಾಕ್ಯಗಳಿರುತ್ತಿದ್ದವು: ನಿನ್ನನ್ನು ನೋಡಿಕೊಳ್ಳಲು ಒಬ್ಬ ಹಿರಿಯರನ್ನು ಗೊತ್ತು ಮಾಡಿದ್ದೇನೆ. ಅವರು ನಂಬಿಗಸ್ತರು. ಅವರು ಕೊಟ್ಟದ್ದನ್ನು ಉಣ್ಣು, ಅವರು ಕೊಟ್ಟ ಮಾತ್ರೆ ನುಂಗು. ಓದಿ ಮುಗಿಸಿದ ಮೇಲೆ ಆಕೆ ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು, ಒಳಗಿನಿಂದ ತಟ್ಟೆ ಹಿಡಿದು ಬಂದ ಮುದುಕರ ಕೈಯಿಂದ ಅನ್ನ ತೆಗೆದುಕೊಳ್ಳುತ್ತಿದ್ದರು.

ಐದು ವರ್ಷಗಳಿಗೂ ಮೇಲೆ ಇದು ನಡೆಯಿತು. ಆಕೆಗೆ ನಿನ್ನೆಯ ಕಾಗದ ನೆನಪಿರುವುದಿಲ್ಲ, ಹಳೆಯದನ್ನೇ ಮತ್ತೆ ಕೊಡಬಹುದಲ್ಲ ಎಂದು ಒಮ್ಮೆ ಕೇಳಿದೆವು. ‘ಅವಳಿಗೆ ಗೊತ್ತಾಗಲಿಕ್ಕಿಲ್ಲ. ನನಗೆ ಗೊತ್ತಾಗುತ್ತದಲ್ಲ’ ಎಂದರು.

ನಾವು ತಪ್ಪಿದ್ದೂ ಉಂಟು. ಒಂದು ಮಾರ್ಚ್ ತಿಂಗಳ ಕೊನೆ, ಆರ್ಥಿಕ ವರ್ಷದ ಮುಕ್ತಾಯ, ಕಚೇರಿ ಬಿಡುವಾಗ ರಾತ್ರಿ ಹತ್ತು ದಾಟಿತ್ತು. ಫೋನ್ ಮಾಡಿ ಬೇರೆ ಯಾರನ್ನಾದರೂ ಕಳುಹಿಸುವುದು ಹೊಳೆಯಲೇ ಇಲ್ಲ; ಮರೆತಿದ್ದೆವು. ಬಂದು ನೋಡಿದರೆ ಸುಬೇದಾರರು ಗೇಟಿನ ಬಳಿ, ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ನಿಂತೇ ಇದ್ದರು. ಆಕೆ ಉಣ್ಣದೆ ಮಲಗಿಬಿಟ್ಟಿದ್ದರು. ಕ್ಷಮೆ ಕೇಳಿದೆವು. ‘ಡಾಕು ತಡವಾಗುವುದು ಇದ್ದದ್ದೇ’ ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಗದರಿಸಿದ್ದರೆ ಚೆನ್ನಾಗಿತ್ತು.

ಎಂ.ಎ. ತರಗತಿಯಲ್ಲಿ ನಾವು ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿಗಳನ್ನು ಓದಿದ್ದೆವು. ವಿಲ್ಫ್ರೆಡ್ ಓವನ್ 1918ರ ನವೆಂಬರ್ 4ರಂದು ಮಡಿದ. ಸುದ್ದಿಯ ತಂತಿ ತಾಯಿಯ ಮನೆಗೆ ತಲುಪಿದ್ದು ನವೆಂಬರ್ 11ರಂದು, ಯುದ್ಧ ನಿಂತ ಸಂಭ್ರಮದಲ್ಲಿ ಇಗರ್ಜಿಯ ಗಂಟೆಗಳು ಬಾರಿಸುತ್ತಿದ್ದಾಗ. ಪರೀಕ್ಷೆಯಲ್ಲಿ ಇದನ್ನು ವಿಧಿಯ ವ್ಯಂಗ್ಯವೆಂದು ಬರೆದು ಅಂಕ ಗಳಿಸಿದ್ದೆವು. ಆ ನಡುವಿನ ಏಳು ದಿನ ಆ ತಾಯಿ ಮಗನಿಗೆ ಏನೇನು ಕಟ್ಟಿ ಕಳುಹಿಸಲು ಯೋಚಿಸುತ್ತಿದ್ದಳು ಎಂಬ ಪ್ರಶ್ನೆ ಆಗ ಏಳಲಿಲ್ಲ. ನಮ್ಮ ನಾಡಿನ ಕಥೆಯೂ ಬೇರೆಯಲ್ಲ. ಕನ್ನಡ ನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಗಂಡನೊಡನೆ ಚಿತೆಯೇರಿದ ಹೆಣ್ಣಿಗೆ ಮಾಸ್ತಿಕಲ್ಲು. ಹುಣಸೆಮರದ ಕೆಳಗೆ ನಿಂತು, ಕಾಗದ ಬಂದು, ಗಂಡ ಬಂದು, ಬದುಕಿ ಹಳಬಳಾದವಳಿಗೆ ಕಲ್ಲು ನಿಲ್ಲಿಸುವ ಪದ್ಧತಿ ಎಲ್ಲಿಯೂ ಇಲ್ಲ. ಅವಳ ಕೈಗೆ ಅನ್ನ ಕೊಟ್ಟವನಿಗೂ ಇಲ್ಲ.

ಮಾರ್ಗಶಿರದ ಒಂದು ಬೆಳಗಿನ ಜಾವ ಸುಬೇದಾರರಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯುವಾಗ ಎಚ್ಚರವಿತ್ತು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರು. ಮೈಸೂರಿನಿಂದ ಮಗಳು ಬಂದರು. ಬೆಸೆಂಟ್ ನಗರದ ಚಿತಾಗಾರದಲ್ಲಿ, ತ್ರಿವರ್ಣವಿಲ್ಲದೆ, ತುತ್ತೂರಿಯಿಲ್ಲದೆ, ಮಾಜಿ ಸೈನಿಕರು ನಾಲ್ಕು ಜನ ಬಂದು ಸೆಲ್ಯೂಟು ಹೊಡೆದರು.

ಅಂದೇ ಸಂಜೆ ಆರೂ ಮುಕ್ಕಾಲಿಗೆ ಆಕೆ ಕೇಳಿದರು, ‘ಕಾಗದ ಬಂತೆ?’

ಮಗಳು ನಮ್ಮ ಮುಖ ನೋಡಿದರು. ಮೇಜಿನ ಖಾನೆ ತೆರೆದೆವು. ಪ್ರತಿ ರಾತ್ರಿ ಆಕೆ ಮಲಗಿದ ಮೇಲೆ ಮಡಿಲಿನಿಂದ ತೆಗೆದು ಅವರು ಜೋಡಿಸಿಟ್ಟಿದ್ದ ಕಾಗದಗಳು ತಿಂಗಳಿಗೊಂದರಂತೆ ಕಟ್ಟುಗಳಾಗಿ, ಸೆಣಬಿನ ದಾರದಲ್ಲಿ, ಖಾನೆಯ ತುಂಬ ಇದ್ದವು. ಮುಂದೆ ನಾಲ್ಕು ಖಾಲಿ ಇನ್‌ಲ್ಯಾಂಡುಗಳು. ಒಂದು ಕಟ್ಟಿನಿಂದ ಕೈಗೆ ಬಂದ ಕಾಗದ ತೆಗೆದುಕೊಂಡು ನಾವು ಹೊರಗೆ ಹೋಗಿ, ಬಾಗಿಲಲ್ಲಿ ನಿಂತು ‘ಪೋಸ್ಟ್’ ಎಂದೆವು. ತಾರೀಖನ್ನು ಬಿಟ್ಟು ಓದಿದೆವು. ಹಿರಿಯರೊಬ್ಬರನ್ನು ಗೊತ್ತು ಮಾಡಿದ್ದೇನೆ ಎಂಬಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲಿಸಿ, ‘ಒಬ್ಬ ಹುಡುಗಿಯನ್ನು’ ಎಂದು ಬದಲಿಸಿದೆವು. ಮಗಳು ತಟ್ಟೆ ತಂದರು. ಆಕೆ ಉಂಡರು.

ಹದಿಮೂರು ದಿನ ಕಳೆದ ಮೇಲೆ ಮಗಳು ತಾಯಿಯನ್ನು ಮೈಸೂರಿಗೆ ಕರೆದೊಯ್ದರು; ಕಟ್ಟುಗಳನ್ನೂ ಒಯ್ದರು. ಖಾಲಿ ಕಾಗದ ನಾಲ್ಕನ್ನು ನಮ್ಮಲ್ಲಿ ಬಿಟ್ಟರು. ಮೊನ್ನೆ ಫೋನ್ ಮಾಡಿದ್ದರು. ಅಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗ ಸಂಜೆ ಬಂದು ಕಾಗದ ಕೊಡುತ್ತಾನಂತೆ. ‘ಪೋಸ್ಟ್’ ಎಂದು ಕೂಗಲು ಅವನಿಗೆ ನಾಚಿಕೆ, ಗಂಟೆ ಒತ್ತುತ್ತಾನಂತೆ.